ಜಪಾನಿನ ಮುದುಕಿಗೆ ಕಮಲಾಪುರದ ಜೂನ್ ಒಂದು

ಡೇಟಾ ಎಂಟ್ರಿ ಕೆಲಸಕ್ಕೆ ಸೇರುವ ಹುಡುಗಿಯರು ಈಗ ಮೊದಲು ನನ್ನ ಹತ್ತಿರ ಬಂದು ಕೂಡುತ್ತಾರೆ. "ಅಮ್ಮಾ, ಅಲ್ಲಿ ಇಂಗ್ಲಿಷ್ ಬರಬೇಕೇನ್ರಿ?" ಅಂತ ಕೇಳುತ್ತಾರೆ. ಬೇಕಾಗಿಲ್ಲ. ನಾನು ಏಳನೇ ಇಯತ್ತೆ ಕಲಿತಾಕಿ, ನನಗೇ ಬೇಕಾಗಲಿಲ್ಲ. "ಕುಂತು ಕುಂತು ಸೊಂಟ ಹಿಡೀತದೇನ್ರಿ?" ಅಂತ ಕೇಳುತ್ತಾರೆ. ಹಿಡಿಯುತ್ತದೆ. ಆದರೆ ಕೇಳಬೇಕಾದ್ದನ್ನು ಯಾರೂ ಕೇಳುವುದಿಲ್ಲ. ಕಾರ್ಡಿನ ಮೇಲೆ ಏನೂ ಬರೆದಿರದಿದ್ದರೆ ಏನು ಒತ್ತಬೇಕು? ಆ ಒಂದು ಪ್ರಶ್ನೆಯಿಂದ ನನ್ನ ಪಕ್ಕದಲ್ಲಿ ಕೂಡುತ್ತಿದ್ದ ಮಹಾದೇವಿಯ ಕುರ್ಚಿ ಹೋಗುವುದರಲ್ಲಿತ್ತು. ಅದನ್ನು ಹೇಳಲಿಕ್ಕೇ ಬರೆಯಲು ಕೂತಿದ್ದೇನೆ. ಸಂಬಳ ಎಷ್ಟು ಏರಿತು, ಯಾರು ಶಾಲು ಹೊದಿಸಿದರು ಅನ್ನೋದೆಲ್ಲ ಇಲ್ಲಿಲ್ಲ.

ನಾನು ಕಮಲಾಪುರದಾಕಿ. ಸಾಲಿ ಬಿಟ್ಟ ಮೇಲೆ ಕೆಂಪು ಬಾಳೆಹಣ್ಣು ಆರಿಸುವ ಕೆಲಸ ಮಾಡಿದೆ, ಆಮೇಲೆ ಮದುವೆ, ಆಮೇಲೆ ಕಲಬುರಗಿ. ಗಂಡ ಅಲ್ಲಿಯ ಜಗತ್ ಬಡಾವಣೆಯಲ್ಲಿ ಟೇಲರ್. ಜೇವರ್ಗಿ ಕಾಲೋನಿಯ ಆ ಆಫೀಸಿಗೆ ನಾನು ಮೊದಲು ಹೋದದ್ದು ಕಸ ಹೊಡೆಯಲು. ಕೆಳಗೆ ಒಂದು ದವಾಖಾನೆ, ಮೇಲಿನ ಮಾಳಿಗೆಯಲ್ಲಿ ಸಾಲಾಗಿ ಕಂಪ್ಯೂಟರು, ಅವುಗಳ ಮುಂದೆ ಹೆಣ್ಣುಮಕ್ಕಳು. ಒಂದು ದಿನ ಒಬ್ಬಾಕೆ ಬರಲಿಲ್ಲ, ಕೆಲಸ ಮೈಮೇಲೆ ಬಂದಿತ್ತು. ಸೂಪರ್‌ವೈಸರ್ ನನ್ನ ಕಡೆ ತಿರುಗಿ, "ಗುರಮ್ಮ, ಅಂಕಿ ಓದ್ಲಿಕ್ಕೆ ಬರ್ತದಲ್ಲ?" ಅಂದರು.

"ನೀವೇ ಕಲಿಸೀರಿ. ಬರ್ತದೋ ಇಲ್ಲೋ ನಿಮಗೇ ಗೊತ್ತಿರಬೇಕು" ಅಂದೆ.

ಆ ಸೂಪರ್‌ವೈಸರ್ ಅಂದರೆ ಶ್ರೀಪಾದ ಮಾಸ್ತರು. ಕಮಲಾಪುರದಲ್ಲಿ ನನ್ನನ್ನು ಒಂದನೇ ಇಯತ್ತೆಗೆ ಸೇರಿಸಿಕೊಂಡವರು ಅವರೇ. ಹೆಡ್ ಮಾಸ್ತರಾಗಿ ಪಿಂಚಣಿ ತಗೊಂಡ ಮೇಲೆ ಮನೆಯಲ್ಲಿ ಕೂಡಲಾಗದೆ ಇಲ್ಲಿ ಬಂದಿದ್ದರು. ಮನೆಯಲ್ಲಿ ಮರಾಠಿ, ಹೊರಗೆ ಕನ್ನಡ, ಸಿಟ್ಟು ಬಂದರೆ ಎರಡೂ. ಪೊರಕೆ ಮೂಲೆಗಿಟ್ಟು ಕುರ್ಚಿ ಮೇಲೆ ಕೂತೆ. ಮತ್ತೆ ಪೊರಕೆ ಹಿಡಿಯಲಿಲ್ಲ.

ನನ್ನ ಪಕ್ಕದ ಕುರ್ಚಿಯವಳು ಮಹಾದೇವಿ. ನನಗಿಂತ ಬಹಳ ಸಣ್ಣವಳು. ಇಲ್ಲಿಗೆ ಬರುವ ಮುಂಚೆ ಬೇಳೆ ಮಿಲ್ಲಿನಲ್ಲಿ ತೊಗರಿ ಧೂಳು ಕುಡಿದು ಕುಡಿದು ಎದೆ ಹಾಳು ಮಾಡಿಕೊಂಡಿದ್ದಳು. ನಾಲ್ಕು ಮೆಟ್ಟಿಲು ಹತ್ತಿದರೆ ಸಿಳ್ಳೆ ಹೊಡೆದಂಗೆ ಉಸಿರು. "ಈ ಕುರ್ಚಿ ಹೋದ್ರ ನಾ ಮತ್ತ ಮಿಲ್ಲಿಗೇ ಹೋಗಬೇಕು ಅಕ್ಕ, ಮಿಲ್ಲಿಗೆ ಹೋದ್ರ ನಾ ಉಳಿಯಂಗಿಲ್ಲ" ಅಂತ ಒಮ್ಮೆ ರೊಟ್ಟಿ ತಿನ್ನುತ್ತ ಹೇಳಿದ್ದಳು. ಅಳಲಿಲ್ಲ. ಬಸ್ಸಿನ ಟೈಮು ಹೇಳಿದಂಗೆ ಹೇಳಿದಳು.

ಇನ್ನು ಕೆಲಸ. ಬೆಂಗಳೂರಿನ ಒಂದು ಕಂಪನಿ ಜಪಾನಿನಿಂದ ಕೆಲಸ ತರುತ್ತಿತ್ತು, ಅದು ನಮಗೆ ಬರುತ್ತಿತ್ತು. ಅಲ್ಲಿ ಮುದುಕರಿಗೆ ಕಿವಿ ಮಷಿನು, ಊರುಗೋಲು ಮಾರುವ ಒಂದು ಅಂಗಡಿ. ಗಿರಾಕಿಗಳು ಎಷ್ಟೋ ವರ್ಷದಿಂದ ಕೈಯಲ್ಲಿ ಬರೆದುಕೊಟ್ಟ ಕಾರ್ಡು ಅವರ ಹತ್ತಿರ ಬಿದ್ದಿದ್ದವು. ಅವನ್ನು ಫೋಟೋ ತೆಗೆದು ಕಳಿಸುತ್ತಿದ್ದರು. ಪರದೆಯ ಎಡಕ್ಕೆ ಕಾರ್ಡಿನ ಚಿತ್ರ, ಬಲಕ್ಕೆ ಖಾಲಿ ಪೆಟ್ಟಿಗೆಗಳು. ಹೆಸರು ವಿಳಾಸ ಬೇರೆ ಯಾರೋ ಹಾಕುತ್ತಿದ್ದರು. ನಮ್ಮದು ತಾರೀಖು ಮಾತ್ರ: ಹುಟ್ಟಿದ್ದು ಯಾವಾಗ, ಮಷಿನು ಕೊಂಡದ್ದು ಯಾವಾಗ.

ಅಂಕಿ ಒತ್ತೋದು ಏನು ಮಹಾ ಅಂದುಕೊಂಡಿದ್ದೆ. ಆದರೆ ಅವರ ವರ್ಷ ನಮ್ಮ ವರ್ಷ ಅಲ್ಲ. ಅಲ್ಲಿ ರಾಜ ಕುಂತಾಗ ವರ್ಷಕ್ಕೆ ಒಂದು ಹೆಸರಿಡುತ್ತಾರೆ, ಅಲ್ಲಿಂದ ಒಂದು, ಎರಡು, ಮೂರು. ಆ ರಾಜ ಹೋದರೆ ಹೊಸ ಹೆಸರು, ಮತ್ತೆ ಮೊದಲಿನಿಂದ ಎಣಿಕೆ. ಮೇಜಿ, ತೈಶೋ, ಶೋವಾ, ಹೇಸೇ. ಕಾರ್ಡಿನಲ್ಲಿ ಶೋವಾ ಹತ್ತು ಅಂತಿದ್ದರೆ ಅದು ಇಂಗ್ಲಿಷ್ ಕ್ಯಾಲೆಂಡರಿನ ಯಾವ ವರ್ಷ ಅಂತ ಸಾಫ್ಟ್‌ವೇರು ತಾನೇ ಲೆಕ್ಕ ಹಾಕಬೇಕು. ನಾವು ಯಾವ ರಾಜ, ಎಷ್ಟನೇ ವರ್ಷ ಅಂತ ಒತ್ತಿಕೊಡಬೇಕು.

ನನಗೆ ಇದು ಬಹಳ ಸೋಜಿಗ ಅನ್ನಿಸಿತು. ಆದರೆ ತೀರಾ ಹೊಸದಲ್ಲ. ನಮ್ಮ ಅಜ್ಜ ಹೊಲದ ವರ್ಷ ಹೇಳುವಾಗ ನಿಜಾಮರ ಕಾಲದ ಫಸಲಿ ವರ್ಷ ಹೇಳುತ್ತಿದ್ದ. ಹೊಲದ ಲೆಕ್ಕದ ತಲಾಠಿ ಬರೆಯೋ ಆ ಫಸಲಿ ಒಂದು, ಸಾಲಿ ಗೋಡೆ ಮೇಲಿನ ಕ್ಯಾಲೆಂಡರಿನದು ಇನ್ನೊಂದು, ಭಟ್ಟರು ಹೇಳೋ ಸಂವತ್ಸರ ಮತ್ತೊಂದು. ಒಂದೇ ವರ್ಷಕ್ಕೆ ಮೂರು ಹೆಸರಿಟ್ಟುಕೊಂಡು ನಾವೂ ಬದುಕಿದವರೇ.

ಜಪಾನಿ ಅಕ್ಷರ ನಮಗೆ ಯಾರಿಗೂ ಬರುತ್ತಿರಲಿಲ್ಲ. ರಂಗೋಲಿ ಗುರುತು ಹಿಡಿದಂಗೆ ಹಿಡಿದೆವು. ತೈಶೋದ ಗುರುತು ಕೈಕಾಲು ಅಗಲಿಸಿ ನಿಂತ ಗಂಡಸಿನಂತೆ ಇತ್ತು, ಅದಕ್ಕೆ "ಗೌಡ" ಅಂತ ಹೆಸರಿಟ್ಟೆವು. ಹೇಸೇ ತಕ್ಕಡಿಯಂಗೆ ಕಾಣುತ್ತಿತ್ತು, "ತಕ್ಕಡಿ". ಶೋವಾಕ್ಕೆ ಒಂದು ಕಿಟಕಿ, ಪಕ್ಕದಲ್ಲಿ ಕುಡುಗೋಲು, ಕೆಳಗೊಂದು ಡಬ್ಬಿ. ಅದು "ಕಿಟಕಿ ಮನಿ" ಆಯಿತು. ಹೊರಗಿನವರು ಯಾರಾದರೂ ಬಂದು ನಮ್ಮ ಮಾತು ಕೇಳಿದ್ದರೆ ಓಡಿಹೋಗುತ್ತಿದ್ದರು.

"ಅಕ್ಕ, ಇಂವ ಗೌಡ ಏನ್ರಿ, ಕಿಟಕಿ ಮನಿ ಏನ್ರಿ?"

"ಗೌಡನೇ. ಕೈ ನಡುಗ್ಯಾವ ಬರಿಯೋ ಮುಂದ, ಅದಕ್ಕ ಕಾಲು ಸೊಟ್ಟ ಆಗ್ಯಾವ."

ಮಾಸ್ತರು ಒಂದೇ ನಿಯಮ ಹೇಳಿಕೊಟ್ಟಿದ್ದರು: ಕಂಡದ್ದು ಒತ್ತು, ಅರ್ಥ ಮಾಡಿಕೊಳ್ಳಲು ಹೋಗಬೇಡ. ಮೊದಮೊದಲು ನನಗೆ ಇದು ಅವಮಾನ ಅನ್ನಿಸಿತ್ತು. ನಿಮಗೂ ಅನ್ನಿಸುತ್ತದೆ. ಆದರೂ ಪಾಲಿಸಿರಿ.

ಸಾಫ್ಟ್‌ವೇರಿನ ಹುಡುಗ ಪ್ರಹ್ಲಾದ ಅಂತ. ಹುಡುಗ ಅಂದರೆ ಮದುವೆಯಾಗಿ ಮಗಳಿದ್ದವನೇ, ನನ್ನ ಕಣ್ಣಿಗೆ ಹುಡುಗ. ಮೂಲ ಸಾಫ್ಟ್‌ವೇರು ಬೆಂಗಳೂರಿನದು. ಆದರೆ ತಾರೀಖಿನ ಭಾಗ, ಯಾವ ರಾಜನ ವರ್ಷಕ್ಕೆ ಎಷ್ಟು ಕೂಡಿಸಬೇಕು ಅನ್ನೋ ಪಟ್ಟಿ, ಅವನದು. ಭಟ್ಟರ ಮನೆತನದವನು. ಮನೆಯಲ್ಲಿ ಪಂಚಾಂಗ ಓದುವ ಅಪ್ಪ. ಆ ಪಂಚಾಂಗವೇ ಅವನನ್ನು ಕೆಡವಿತು.

ಆದದ್ದು ಹೀಗೆ. ಮಹಾದೇವಿಗೆ ಒಂದು ಕಾರ್ಡು ಬಂತು. ಮಷಿನು ಕೊಂಡದ್ದು ಕಿಟಕಿ ಮನಿ, ಅರವತ್ನಾಲ್ಕು, ಒಂದನೇ ತಿಂಗಳು, ಐದನೇ ತಾರೀಖು. ಒತ್ತಿದಳು. ಪೆಟ್ಟಿಗೆ ಕೆಂಪಾಯಿತು. ಇಂಥ ವರ್ಷವೇ ಇಲ್ಲ ಅಂತ ಸಾಫ್ಟ್‌ವೇರು. ಪ್ರಹ್ಲಾದ ಬಂದು ನೋಡಿದ.

"ಬರದಾಂವಗ ತಪ್ಪಾಗ್ಯದ. ಶೋವಾ ಅರವತ್ಮೂರಕ್ಕ ಮುಗೀತದ, ಮುಂದಿನ ವರ್ಷ ಹೇಸೇ ಒಂದು. ಅರವತ್ಮೂರು ಒತ್ರಿ ಸಾಕು."

"ಅರವತ್ನಾಲ್ಕು ಕಾಣ್ಲಾಕತ್ತದ" ಅಂದಳು ಮಹಾದೇವಿ.

"ಕಾಣಲಿ. ಅದು ಇಲ್ಲ ಅಂತ ಹೇಳ್ಲಾಕತ್ತೀನಲ್ಲ."

"ಕಂಡದ್ದು ಒತ್ತು ಅಂದಾರ. ನೀವು ಬೇಕಾದ್ರ ಒತ್ರಿ, ನನ್ನ ಕೈಲೆ ಆಗಂಗಿಲ್ಲ."

ಅವಳು ಹಂಗೇ. ಕೈ ಮಡಿಚಿಕೊಂಡು ಕೂತುಬಿಟ್ಟಳು. ಮಾಸ್ತರು ಬಂದರು, ಬೆಂಗಳೂರಿಗೆ ಕೇಳಿದರು, ಬೆಂಗಳೂರು ಜಪಾನಿಗೆ ಕೇಳಿತು. ಉತ್ತರ ಬಂತು. ಆ ವರ್ಷ ಇತ್ತು. ಏಳೇ ದಿನ ಇತ್ತು. ಜನವರಿ ಏಳಕ್ಕೆ ರಾಜ ತೀರಿಕೊಂಡ, ಮರುದಿನದಿಂದ ಹೇಸೇ ಒಂದು. ಹೆಸರು ಬದಲಾಗಲು ಅವರು ಹೊಸ ವರ್ಷ ಕಾಯುವುದಿಲ್ಲ. ನಮ್ಮ ಪ್ರಹ್ಲಾದನ ತಲೆಯಲ್ಲಿ ವರ್ಷದ ಹೆಸರು ಅಂದರೆ ಯುಗಾದಿಗೆ ಬದಲಾಗುವಂಥದ್ದು. ನಡುವೆ ಹೆಸರು ಬಿಟ್ಟು ಓಡಿಹೋಗುವ ಸಂವತ್ಸರ ಅವರ ಮನೆಯಲ್ಲಿ ಯಾರೂ ಕಂಡಿಲ್ಲ. ಅದಕ್ಕೇ ಪಟ್ಟಿಯಲ್ಲಿ ವರ್ಷ ಮಾತ್ರ ಬರೆದಿದ್ದ, ದಿನ ಬರೆದಿರಲಿಲ್ಲ. ನಾನೂ ಅವನ ಜಾಗದಲ್ಲಿದ್ದರೆ ಹಂಗೇ ಬರೆಯುತ್ತಿದ್ದೆ. ಪಟ್ಟಿ ತಿದ್ದಿದ. ಮಹಾದೇವಿ ಅರವತ್ನಾಲ್ಕು ಒತ್ತಿದಳು. ರಾಜ ಸಾಯಲು ಬಿದ್ದ ವಾರದಲ್ಲೂ ಒಬ್ಬ ಮುದುಕ ಅಂಗಡಿಗೆ ಹೋಗಿ ಕಿವಿ ಮಷಿನು ಕೊಂಡಿದ್ದಾನಲ್ಲ, ಏನು ಕೇಳಿಸಿಕೊಳ್ಳುವ ಗಡಿಬಿಡಿ ಇತ್ತೋ ಅಂತ ನನಗೆ ಯೋಚನೆ.

ಇನ್ನೊಂದು ಪೇಚಾಟ. ಕೆಲವು ಕಾರ್ಡಿನಲ್ಲಿ ರಾಜನ ಗುರುತು ಇರುತ್ತಿತ್ತು, ಮುಂದೆ ಅಂಕಿಯೇ ಇಲ್ಲ. ಅಂಕಿಯ ಜಾಗದಲ್ಲಿ ಇನ್ನೊಂದು ಅಕ್ಷರ. ಮೇಲೆ ಎರಡು ಗೆರೆ, ಕೆಳಗೆ ಎರಡು ಕಾಲು. ನಾವು ಅದನ್ನು ಓದಲಾಗದ್ದು ಅಂತ ಬದಿಗೆ ತಳ್ಳುತ್ತ ಹೋದೆವು. ಆಮೇಲೆ ತಿಳಿಯಿತು, ಮೊದಲನೇ ವರ್ಷಕ್ಕೆ ಅವರು ಒಂದು ಅಂತ ಬರೆಯುವುದಿಲ್ಲವಂತೆ. ಅದಕ್ಕೆ ಮೂಲ, ಆದಿ ಅನ್ನುವಂಥ ಬೇರೆ ಅಕ್ಷರ. ಮಹಾದೇವಿಗೆ ಇದು ಸರಿ ಅನ್ನಿಸಿತು. "ಕೂಸಿಗೆ ನಾವು ಒಂದು ವರ್ಷದ್ದು ಅಂತೀವೇನ್ರಿ ಹುಟ್ಟಿದ ಕೂಡ್ಲೆ? ಹಂಗ ಅದು" ಅಂದಳು. ತಳ್ಳಿದ ಕಾರ್ಡೆಲ್ಲ ಮತ್ತೆ ಎಳೆದು ಹಾಕಿದೆವು.

ಇನ್ನು ಖಾಲಿ ಪೆಟ್ಟಿಗೆಯ ಮಾತು.

ಬಹಳ ಹಳೆಯ ಕಾರ್ಡುಗಳಲ್ಲಿ ಕೆಲವರು ಹುಟ್ಟಿದ ವರ್ಷ ಮಾತ್ರ ಬರೆದು ತಿಂಗಳು, ದಿನ ಬಿಟ್ಟಿದ್ದರು. ಕಂಡದ್ದು ಒತ್ತು ಅನ್ನೋದು ಸರಿ, ಕಾಣದ್ದನ್ನು ಏನು ಒತ್ತೋದು? ಖಾಲಿ ಬಿಟ್ಟರೆ ಪೆಟ್ಟಿಗೆ ಕೆಂಪು, ಮುಂದಿನ ಕಾರ್ಡು ತೆರೆಯುವುದೇ ಇಲ್ಲ. ಮಹಾದೇವಿಯೇ ಮೊದಲು ಕೇಳಿದ್ದು.

"ಮಾಸ್ತರ, ಇಲ್ಲಿ ತಿಂಗಳು ಇಲ್ಲ, ದಿನ ಇಲ್ಲ. ಏನ್ ಮಾಡ್ಲಿ?"

ಮಾಸ್ತರು ಚಹಾ ಕುಡಿಯುತ್ತಿದ್ದರು. ತಲೆಯೆತ್ತಲೂ ಇಲ್ಲ. "ಗೊತ್ತಿಲ್ಲದಿದ್ರ ಜೂನ್ ಒಂದು ಹಾಕು."

ಸಾಲಿನಲ್ಲಿ ಒಬ್ಬರಾದರೂ ಯಾಕೆ ಅಂತ ಕೇಳಿದೆವೇ? ಇಲ್ಲ. ನಮಗೆ ಅದು ಪ್ರಶ್ನೆಯೇ ಅಲ್ಲ. ಯಾಕಂದರೆ ನಮ್ಮಲ್ಲಿ ಹುಟ್ಟಿದ ದಿನ ಗೊತ್ತಿಲ್ಲದವರೆಲ್ಲ ಹುಟ್ಟಿದ್ದು ಜೂನ್ ಒಂದಕ್ಕೇ.

ಈಗಿನ ಹುಡುಗಿಯರು ದವಾಖಾನೆಯಲ್ಲಿ ಹುಟ್ಟಿದವರು, ಅವರಿಗೆ ಹೇಳಬೇಕು. ನನ್ನ ಅವ್ವ ನನ್ನನ್ನು ಸಾಲಿಗೆ ಕರೆದೊಯ್ದಾಗ ಇದೇ ಮಾಸ್ತರು, ಆಗ ಮೀಸೆ ಚಿಗುರಿದ ಹೊಸ ಮಾಸ್ತರು, ಹುಟ್ಟಿದ್ದು ಯಾವಾಗ ಅಂತ ಕೇಳಿದರು. "ಬಾಳಿ ಗೊನಿ ಕಡಿಯೋ ಮುಂದ ರೀ" ಅಂದಳು ಅವ್ವ. ಮಾಸ್ತರು ನನ್ನ ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿಸಿದರು. ಮುಟ್ಟಿತು. ಅಂದರೆ ಸಾಲಿಗೆ ಬರುವ ವಯಸ್ಸಾಗಿದೆ. ಜೂನ್ ಒಂದಕ್ಕೆ ಸಾಲಿ ಸುರು, ಅವತ್ತಿಗೆ ವಯಸ್ಸು ತುಂಬಿರಬೇಕು, ಹಂಗಾಗಿ ಜೂನ್ ಒಂದು ಅಂತ ಬರೆದರು. ನನ್ನ ಹಿಂದೆ ನಿಂತವನಿಗೂ ಅದೇ, ಅವನ ಹಿಂದಿನವನಿಗೂ ಅದೇ. ಮಹಾದೇವಿಗೆ ಅವಳ ಊರಿನ ಬೇರೆ ಮಾಸ್ತರು ಅದನ್ನೇ ಕೊಟ್ಟಿದ್ದರು. ನಮ್ಮ ಸಾಲಿನಲ್ಲಿ ಜೂನ್ ಒಂದರಂದು ಯಾರೂ ಯಾರಿಗೂ ಶುಭಾಶಯ ಹೇಳುತ್ತಿರಲಿಲ್ಲ. ಹೇಳಲು ಹತ್ತಿದರೆ ಕೆಲಸ ನಿಲ್ಲುತ್ತಿತ್ತು.

ಹಂಗಾಗಿ ಖಾಲಿ ಇದ್ದಲ್ಲೆಲ್ಲ ಜೂನ್ ಒಂದು. ಕೆಂಪು ಹೋಗಿ ಹಸಿರಾಗುತ್ತಿತ್ತು. ಖಾಲಿ ಕಾರ್ಡು ಹೆಚ್ಚು ಬರುತ್ತಿದ್ದದ್ದು ಮಹಾದೇವಿಗೇ, ಯಾಕಂದರೆ ಹಳೆಯ, ಮಾಸಿದ ಕಾರ್ಡು ಓದುವುದರಲ್ಲಿ ಅವಳ ಕಣ್ಣು ಚುರುಕು ಅಂತ ಮಾಸ್ತರು ಅವಳಿಗೇ ಕೊಡುತ್ತಿದ್ದರು.

ಈ ನಡುವೆ ಜಪಾನಿನಲ್ಲಿ ಹೊಸ ರಾಜ ಬರುತ್ತಾನೆ ಅಂತ ಸುದ್ದಿ. ಮುದಿ ರಾಜ ಬದುಕಿದ್ದಾಗಲೇ ತಾನೇ ಇಳಿಯುತ್ತಾನಂತೆ, ಮಗ ಕೂಡುತ್ತಾನಂತೆ. ಯಾವ ದಿನ ಅಂತ ಗೊತ್ತಿತ್ತು, ಹೆಸರು ಮಾತ್ರ ಹೇಳಲಿಲ್ಲ. ಪ್ರಹ್ಲಾದ ಹೆಸರು ತಿಳಿಯದ ಕೂಸಿಗೆ ತೊಟ್ಟಿಲು ಕಟ್ಟುವವನಂತೆ ಪಟ್ಟಿಯಲ್ಲಿ ಜಾಗ ಬಿಟ್ಟು ಕಾದ. ಒಂದು ತಿಂಗಳ ಮುಂಚೆ ಹೆಸರು ಹೇಳಿದರು, ರೇವಾ. ಅದರ ಗುರುತು ಛತ್ರಿಯ ಕೆಳಗೆ ಯಾರೋ ಕೂತಂಗಿತ್ತು. "ಛತ್ರಿ" ಅಂತಲೇ ಕರೆದೆವು. ಮೇ ಒಂದರಿಂದ ಹೊಸ ಕಾರ್ಡುಗಳಲ್ಲಿ ಛತ್ರಿ ಸುರುವಾಯಿತು. ಈ ಸಲ ಪ್ರಹ್ಲಾದ ದಿನವನ್ನೂ ಹಾಕಿದ್ದ, ಒಂದು ಕಾರ್ಡೂ ಕೆಂಪಾಗಲಿಲ್ಲ. ಪೇಡೆ ತಂದು ಹಂಚಿದ.

ಪೇಡೆಯ ಸಿಹಿ ಬಹಳ ದಿನ ಉಳಿಯಲಿಲ್ಲ. ಮುಂದಿನ ತಿಂಗಳೇ ಬೆಂಗಳೂರಿನಿಂದ ವೀಣಾ ಮೇಡಂ ಫೋನು. ನಮ್ಮ ಕೆಲಸದ ಮೇಲ್ವಿಚಾರಣೆ ಅವರದು. ತಾರೀಖು ತಪ್ಪಾಗಿವೆ, ಜಪಾನಿನವರು ಸಿಟ್ಟಾಗಿದ್ದಾರೆ ಅಂದರು. ಪ್ರಹ್ಲಾದ ಹೊಸ ರಾಜನ ಪಟ್ಟಿ ಕೈಕೊಟ್ಟಿತು ಅಂದುಕೊಂಡ. ಮೇಲಿಂದ ಕೆಳಗೆ ಎರಡು ಸಲ ತೆಗೆದು ನೋಡಿದ. ವರ್ಷ ಎಲ್ಲ ಸರಿ. ಕೆಟ್ಟದ್ದು ವರ್ಷ ಅಲ್ಲ, ದಿನ.

ಆ ಅಂಗಡಿಯವರು ಗಿರಾಕಿಗಳ ಹುಟ್ಟುಹಬ್ಬಕ್ಕೆ ಒಂದು ಶುಭಾಶಯದ ಕಾಗದ, ಜೊತೆಗೆ ಒಂದು ಟವೆಲ್ಲು ಕಳಿಸುತ್ತಾರಂತೆ. ಜೂನ್ ಒಂದು ಬಂತು. ಕಾಗದ, ಟವೆಲ್ಲು ಗಾಡಿಗಟ್ಟಲೆ ಹೋದವು. ಮುದುಕರು ಪಾಪ ಕೆಲವರು ನಕ್ಕು ಇಟ್ಟುಕೊಂಡರು. ಆದರೆ ಒಬ್ಬ ಮುದುಕಿ ಆ ಕಾಗದ ಹಿಡಿದುಕೊಂಡು ಅಂಗಡಿಗೇ ಬಂದಳಂತೆ. ಯುದ್ಧದ ಬೆಂಕಿಯಲ್ಲಿ ಅಪ್ಪ ಅವ್ವ ಮನೆ ಎಲ್ಲ ಹೋಗಿ ಒಬ್ಬಳೇ ಉಳಿದಾಕಿ, ಆಗ ಸಣ್ಣ ಕೂಸು. ಆಮೇಲೆ ಯಾರೋ ಸರ್ಕಾರಿ ಕಾಗದದಲ್ಲಿ ಅಂದಾಜಿಗೆ ಒಂದು ತಾರೀಖು ಬರೆದರಂತೆ. ಅದು ತನ್ನದಲ್ಲ ಅಂತ ಅವಳು ಎಲ್ಲಿಯೂ ಅದನ್ನು ಬರೆಯುತ್ತಿರಲಿಲ್ಲ. ಬೇಕಂತಲೇ ಖಾಲಿ ಬಿಡುತ್ತಿದ್ದಳು. ಈಗ ಅಂಗಡಿಯವರ ಮುಂದೆ ನಿಂತು ಒಂದೇ ಮಾತು ಕೇಳಿದಳಂತೆ: "ನಿಮಗೆ ಇದು ಎಲ್ಲಿ ಸಿಕ್ಕಿತು?"

ವೀಣಾ ಮೇಡಂ ಸ್ಪೀಕರಿನಲ್ಲಿ ಇದನ್ನು ಹೇಳುವಾಗ ನಾವೆಲ್ಲ ಒತ್ತುವುದು ಬಿಟ್ಟು ಕೇಳಿದೆವು.

"ಇದು ತಪ್ಪು ಒತ್ತಿರೋದಲ್ಲ, ಸುಳ್ಳು ಸೃಷ್ಟಿ ಮಾಡಿರೋದು" ಅಂದರು ಮೇಡಂ. "ಆ ಕಾರ್ಡೂ ಮಹಾದೇವಿ ನಂಬರಿಂದ ಬಂದಿದೆ, ಉಳಿದವೂ ಹೆಚ್ಚು ಅವರದೇ. ಅವರನ್ನ ತೆಗೀರಿ. ನಾಳೆ ವೀಡಿಯೋದಲ್ಲಿ ಬರ್ತೀನಿ, ಅವರ ಮುಂದೇನೇ ತೆಗೆಯೋ ಕಾಗದ ಬರೀಬೇಕು."

ನಾನು ಮಾಸ್ತರ ಮುಖ ನೋಡಿದೆ. ಮಾಸ್ತರು ಕನ್ನಡಕ ಒರೆಸುತ್ತಿದ್ದರು. ಏನೂ ಹೇಳಲಿಲ್ಲ. ಮಹಾದೇವಿಯೂ ಹೇಳಲಿಲ್ಲ. ಹೊರಗೆ ಬಂದ ಮೇಲೆ ಕೇಳಿದೆ, "ಮಾಸ್ತರು ಹೇಳಿದ್ದು ಅಂತ ಯಾಕ ಅನ್ಲಿಲ್ಲ?"

"ಅವರೇ ಎದುರಿಗೆ ಕುಂತಾರ ಅಕ್ಕ. ಅವರು ಹೇಳಬೇಕಾದ್ದು ನಾ ಹ್ಯಾಂಗ ಹೇಳ್ಲಿ?" ಅಂದಳು. ಮೆಟ್ಟಿಲಿಳಿಯುವಾಗ ಸಿಳ್ಳೆ ಸುರುವಾಗಿತ್ತು.

ನನಗೆ ಅಷ್ಟು ತಾಳ್ಮೆ ಇಲ್ಲ. ಸೀದಾ ಐವಾನ್-ಎ-ಶಾಹಿಯ ಕಡೆ ಮಾಸ್ತರ ಮನೆಗೆ ಹೋದೆ. ಅವರ ಹೆಂಡತಿ ಅವಲಕ್ಕಿ ತಂದಿಟ್ಟರು. ನಾನು ಮುಟ್ಟಲಿಲ್ಲ.

"ಮಾಸ್ತರ, ನಾಳೆ ಮಹಾದೇವಿ ಕೆಲಸ ಹೋಗ್ತದ. ನೀವು ಬಾಯಿ ಬಿಡ್ತೀರೋ ಇಲ್ಲೋ?"

"ನಾನೇನು ಸುಳ್ಳು ಮಾಡಂತ ಹೇಳಿದ್ನೇನು?" ಮಾಸ್ತರಿಗೆ ಸಿಟ್ಟು ಬಂತು. ಅರ್ಧ ಮರಾಠಿಯಲ್ಲಿ ಬೈದುಕೊಂಡರು. "ಜೂನ್ ಒಂದು ಸುಳ್ಳಲ್ಲ. ಎಷ್ಟು ಪೋರರಿಗೆ ಬರೆದೀನಿ ನಾನು! ಅದು ಬರೀದಿದ್ರ ನೀವೆಲ್ಲ ಸಾಲಿ ಮೆಟ್ಟಿಲು ಹತ್ತತಿದ್ರೇನು? ಒಬ್ಬರಾದ್ರೂ ವಾಪಸ್ ಬಂದು ಕೇಳ್ಯಾರೇನು, ಯಾಕ ಬರೆದಿ ಅಂತ?"

"ನಮಗ ಬರೆದದ್ದು ಖರೆ ಅದ ರೀ. ಸಾಲಿಗೆ ಬೇಕಿತ್ತು, ಬರೆದ್ರಿ. ಆ ಮುದುಕಿಗೆ ಯಾವ ಸಾಲಿ ಅದ?"

ಮಾಸ್ತರು ಅವಲಕ್ಕಿ ತಟ್ಟೆ ನನ್ನ ಕಡೆ ಸರಿಸಿದರು.

"ನಮ್ಮವ್ವಗ ಗೊತ್ತಿರಲಿಲ್ಲ, ನೀವು ಬರೆದ್ರಿ, ನಾವು ತಗೊಂಡ್ವಿ. ಆಕಿಗೂ ಯಾರೋ ಬರೆದುಕೊಟ್ಟಿದ್ರು. ಆಕಿ ತಗೊಳ್ಳಲಿಲ್ಲ. ಬ್ಯಾಡ ಅಂತ ಖಾಲಿ ಬಿಟ್ಟಿದ್ಲು. ಅದನ್ನ ನಾವು ಕಲಬುರಗ್ಯಾಗ ಕುಂತು ತುಂಬಿಬಿಟ್ವಿ."

"ಅವಲಕ್ಕಿ ತಿನ್ನು" ಅಂದರು ಮಾಸ್ತರು. ಹೇಳುತ್ತಾರೋ ಇಲ್ಲವೋ ನನಗೆ ತಿಳಿಯಲಿಲ್ಲ. ಅವಲಕ್ಕಿ ತಿಂದು ಬಂದೆ. ತಿನ್ನದಿದ್ದರೂ ಏನು ಉಪಯೋಗ?

ಮರುದಿನ ಪರದೆಯ ಮೇಲೆ ವೀಣಾ ಮೇಡಂ ಬಂದರು. ಮಹಾದೇವಿಯನ್ನು ಮುಂದೆ ಕೂಡಿಸಿದರು. ತೆಗೆಯುವ ಕಾಗದಕ್ಕೂ ವಿವರ ಬೇಕಲ್ಲ, ಮೇಡಂ ಒಂದೊಂದೇ ಕೇಳುತ್ತ ಹೋದರು. ಪೂರ್ತಿ ಹೆಸರು. ಊರು. "ನಿಮ್ಮ ಡೇಟ್ ಆಫ್ ಬರ್ತ್?"

"ಜೂನ್ ಒಂದ್ರಿ."

ಮೇಡಂ ಪೆನ್ನು ಕೆಳಗಿಟ್ಟರು. "ನಾನು ತಮಾಷೆ ಮಾಡೋಕೆ ಬಂದಿಲ್ಲ ಮಹಾದೇವಿ."

"ನಾನೂ ಮಾಡ್ಲಾಕತ್ತಿಲ್ರಿ ಮೇಡಂ. ನಂದು ಜೂನ್ ಒಂದೇ."

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ನಾನು ಎದ್ದು ಕ್ಯಾಮೆರಾದ ಮುಂದೆ ಬಾಗಿ, "ನಂದೂ ಜೂನ್ ಒಂದ್ರಿ" ಅಂದೆ. ನನ್ನ ಹಿಂದಿನವಳು ತಾನೂ ಅಂದಳು. ಅವಳ ಹಿಂದಿನವಳು, "ನಂದೂ, ನನ್ನ ಗಂಡಂದೂ ಬರ್ಕೊಳ್ರಿ" ಅಂದಳು. ಮೇಡಂ ಮುಖ ಕೆಂಪಾಯಿತು. ನಾವೆಲ್ಲ ಸೇರಿ ಆಡಿಸುತ್ತಿದ್ದೇವೆ ಅಂದುಕೊಂಡರು. "ಎಲ್ಲರನ್ನೂ ತೆಗೀಬೇಕಾಗುತ್ತೆ" ಅಂದರು.

ಆಗ ಮಾಸ್ತರು ಎದ್ದರು. ಸಾಲಿಯಲ್ಲಿ ತಪಾಸಣೆಗೆ ಸಾಹೇಬರು ಬಂದಾಗ ನಿಲ್ಲುತ್ತಿದ್ದರಲ್ಲ, ಹಂಗೇ ನೆಟ್ಟಗೆ ನಿಂತರು.

"ಮೇಡಂ, ಈಕಿ ಗುರಮ್ಮನ ಜೂನ್ ಒಂದು ನಾನೇ ಬರೆದದ್ದು. ಈಕಿ ಕಿವಿ ಮುಟ್ಟಿಸಿ ನೋಡಿ ಬರೆದೆ. ಉಳಿದವರಿಗೆ ನನ್ನಂಥ ಮಾಸ್ತರು ಬರೆದಾರ. ಜಪಾನಿನವರಿಗೂ ಅದನ್ನ ಹಾಕಂತ ಹೇಳಿದವನೂ ನಾನೇ. ಮಹಾದೇವಿ ಕೇಳಿದ್ಲು, ನಾ ಹೇಳಿದೆ, ಆಕಿ ಒತ್ತಿದ್ಲು. ತೆಗೆಯೋದಿದ್ರ ನನ್ನ ತೆಗೀರಿ."

ಆಮೇಲೆ ಯಾಕೆ ಹಂಗೆ ಬರೆಯುತ್ತಿದ್ದರು ಅಂತ ಒಂದನೇ ಇಯತ್ತೆಯ ಮಕ್ಕಳಿಗೆ ಹೇಳುವಂಗೆ ಬಿಡಿಸಿ ಹೇಳಿದರು. ಮೇಡಂ ಬರೆಯುತ್ತಿದ್ದ ಕಾಗದ ಬದಿಗೆ ಸರಿಸಿದರು. ಆಮೇಲೆ, "ನಮ್ಮ ಮಾವನವರದ್ದೂ ಜೂನ್ ಒಂದೇ" ಅಂದರು. "ಪ್ರತಿ ವರ್ಷ ಕೇಕ್ ತರ್ತೀವಿ. ಅವರು ಯಾಕೆ ಅಷ್ಟು ಸಪ್ಪಗಿರ್ತಾರೆ ಅಂತ ಈಗ ಗೊತ್ತಾಯ್ತು."

ಸಾಫ್ಟ್‌ವೇರಿನಲ್ಲಿ ಗೊತ್ತಿಲ್ಲ ಅಂತ ಒತ್ತಲು ಜಾಗವೇ ಇರಲಿಲ್ಲ ಅಂತ ಪ್ರಹ್ಲಾದನೂ ಹೇಳಿದ. ಪರದೆಯ ಬಲ ಮೂಲೆಯಲ್ಲಿ ಅದಕ್ಕೊಂದು ಗುಂಡಿ ಮಾಡಿಕೊಡಲು ಮೇಡಂ ಒಪ್ಪಿಕೊಂಡರು. ಮಹಾದೇವಿಯ ಕಾಗದ ಅಲ್ಲಿಗೇ ನಿಂತಿತು. ಆದರೆ ಜೂನ್ ಒಂದು ಅಂತ ಹೋದ ಕಾರ್ಡೆಲ್ಲ ಒಂದೊಂದಾಗಿ ತೆರೆದು ನೋಡಬೇಕು, ಯಾವುದು ಖಾಲಿ ಇತ್ತು, ಯಾವುದರಲ್ಲಿ ಖರೇನೇ ಜೂನ್ ಒಂದು ಬರೆದಿತ್ತು ಅಂತ. ಇದನ್ನು ಸಾಫ್ಟ್‌ವೇರು ಹೇಳಲಾರದು. ಅದಕ್ಕೆ ಎರಡೂ ಒಂದೇ. ಕಣ್ಣೇ ಬೇಕು.

ಮಾಸ್ತರು ಆ ಕೆಲಸ ಮುಗಿಯುವ ತನಕ ಬಂದರು. ಸೂಪರ್‌ವೈಸರ್ ಕುರ್ಚಿಯಲ್ಲಿ ಕೂಡಲಿಲ್ಲ, ನಮ್ಮ ಸಾಲಿನಲ್ಲಿ ಕೂತು ಕಾರ್ಡು ನೋಡಿದರು. ಖಾಲಿ, ಖಾಲಿ, ಖಾಲಿ. ಒಂದು ದಿನ ಮಹಾದೇವಿ ಕೂಗಿದಳು, "ಸಿಕ್ತು ನೋಡ್ರಿ! ಇಂವ ಬರದಾನ, ತಿಂಗಳು ಆರು, ದಿನ ಒಂದು, ಚಂದಾಗಿ ಬರದಾನ!" ನಾವೆಲ್ಲ ಎದ್ದು ಹೋಗಿ ನೋಡಿದೆವು. ಖರೇನೇ ಜೂನ್ ಒಂದರಂದು ಹುಟ್ಟಿದ ಮನುಷ್ಯನನ್ನು ನಾನು ಕಂಡದ್ದು ಅದೇ ಮೊದಲು. ಮಾಸ್ತರು ಕನ್ನಡಕ ತೆಗೆದು ಹತ್ತಿರದಿಂದ ನೋಡಿದರು. "ಇವನಿಗೆ ಯಾರು ಬರೆದಿರಬೇಕು?" ಅಂತ ನಕ್ಕರು. ಕೆಲಸ ಮುಗಿದ ಮರುದಿನದಿಂದ ಬರಲಿಲ್ಲ. ಬರಬೇಡ ಅಂತ ಯಾರೂ ಹೇಳಿರಲಿಲ್ಲ.

ಆ ಮುದುಕಿಗೆ ಅಂಗಡಿಯವರು ಇದ್ದದ್ದು ಇದ್ದಂಗೆ ಬರೆದು ತಿಳಿಸಿದರಂತೆ. ದೂರದ ಒಂದು ಊರಿನಲ್ಲಿ ದಿನ ಗೊತ್ತಿಲ್ಲದವರಿಗೆಲ್ಲ ಸಾಲಿಯ ಮಾಸ್ತರು ಕೊಡುವ ತಾರೀಖು ಇದು, ನಿಮ್ಮದಲ್ಲ ಅಂತ. ಅವಳು ಏನಂದಳು ಅಂತ ನಾನು ಮೇಡಂಗೆ ಬೆನ್ನು ಬಿದ್ದು ಕೇಳಿದೆ. ಹಂಗಾದರೆ ಮೊದಲಿನಂಗೆ ಖಾಲಿ ಮಾಡಿ ಅಂದಳಂತೆ. ಟವೆಲ್ಲು ಮಾತ್ರ ವಾಪಸ್ ಕೊಡಲಿಲ್ಲವಂತೆ. ನಾನಾದರೂ ಕೊಡುತ್ತಿರಲಿಲ್ಲ. ಆ ಕಾರ್ಡನ್ನು ಮಹಾದೇವಿಯೇ ತೆರೆದಳು. ಜೂನ್ ಒಂದನ್ನು ಅಳಿಸಿ ಹೊಸ ಗುಂಡಿ ಒತ್ತಿದಳು. ಮೊದಲ ಸಲ ಪೆಟ್ಟಿಗೆ ಖಾಲಿ ಇದ್ದೂ ಹಸಿರಾಯಿತು.

ನಾನು ಕೆಲಸ ಬಿಡುವ ಕಾಲ ಬಂತು. ಆಗ ಮಾಸ್ತರ ಕುರ್ಚಿಯಲ್ಲಿ ಮಹಾದೇವಿ. ಅರವತ್ತು ತುಂಬಿದವರು ಬಿಡಬೇಕು ಅಂತ ನಿಯಮ. ಕಸ ಹೊಡೆಯಲು ಬಂದವಳ ವಿವರ ಯಾರು ಬರೆದುಕೊಂಡಿದ್ದರು? ಮಹಾದೇವಿ ಆಫೀಸಿನ ಸಾಫ್ಟ್‌ವೇರು ತೆಗೆದು ನನ್ನನ್ನು ಎದುರಿಗೆ ಕೂಡಿಸಿಕೊಂಡಳು.

"ಹುಟ್ಟಿದ ತಾರೀಖು ಹೇಳ್ರಿ ಅಕ್ಕ."

"ನಿನಗ ಗೊತ್ತಿಲ್ಲೇನು?"

"ನನಗ ಗೊತ್ತಿದ್ದದ್ದು ನಾ ಒತ್ತಂಗಿಲ್ಲ. ನಿಮಗ ಗೊತ್ತಿದ್ರ ಹೇಳ್ರಿ."

"ನನಗ ಗೊತ್ತಿಲ್ಲ."

ಗೊತ್ತಿಲ್ಲ ಅಂತ ಒತ್ತಿದಳು. ಅಲ್ಲಿಯೂ ಆ ಗುಂಡಿ ಹಾಕಿಸಿಕೊಂಡಿದ್ದಳು. ಕೆಳಗಿನ ಪೆಟ್ಟಿಗೆ ಕೆಂಪಾಯಿತು. ಹುಟ್ಟಿದ ದಿನ ಇಲ್ಲದೆ ಬಿಡುವ ದಿನ ಬರುವುದಿಲ್ಲ.

"ನಿಮಗ ರಿಟೈರ್ ಇಲ್ರಿ ಅಕ್ಕ. ಕುಂದರ್ರಿ, ಇನ್ನಾ ಕಾರ್ಡು ಅವ."

"ಮೊಳಕಾಲು ನೋಯ್ತಾವ ನಂದು. ಜೂನ್ ಒಂದು ಹಾಕು."

"ಕಂಡೀನೇನು ನಾನು?"

ಚೀಲದಿಂದ ಕಮಲಾಪುರದ ಸಾಲಿಯ ಟಿ.ಸಿ. ತೆಗೆದು ಅವಳ ಮುಂದಿಟ್ಟೆ. ಮಡಿಚಿ ಮಡಿಚಿ ನಾಲ್ಕು ಕಡೆ ಹರಿದಿತ್ತು. ಮಾಸ್ತರ ಅಕ್ಷರ ಮಾತ್ರ ಮುತ್ತಿನಂಗಿತ್ತು. ಮಹಾದೇವಿ ಬೆರಳಿಟ್ಟು ಓದಿದಳು, ದಿನ, ತಿಂಗಳು, ವರ್ಷ.

"ಈಗ ಕಂಡೆ" ಅಂದಳು, ಒತ್ತಿದಳು.

ಕೆಂಪು ಹೋಯಿತು. ನಾನು ಟಿ.ಸಿ. ಮಡಿಚಿ ಚೀಲಕ್ಕೆ ಹಾಕಿಕೊಂಡು, ಚಪ್ಪಲಿ ಮೆಟ್ಟಿ ಕೆಳಗಿಳಿದೆ.